ಕಾಫಿ ತೋಟದ ಕರಿಯನಿಗೆ ಬೇವು, ಬೆಳ್ಳುಳ್ಳಿ, ಅರಿಶಿನ ಸಾಕೇ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಆರು ವರ್ಷದ ಕಪ್ಪು ಲ್ಯಾಬ್ರಡಾರ್ ಇದ್ದಾನೆ, ಹೆಸರು ಕರಿಯ. ಸಂತಾನಹರಣ ಆಪರೇಷನ್ ಆಗಿದೆ, ತೂಕ 38 ಕೆ.ಜಿ. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಉಣ್ಣೆ (ಉಣುಗು) ಜ್ವರ ಬಂದು ಮೂಗಿನಿಂದ ರಕ್ತ ಸುರಿದಿತ್ತು. ಡಾಕ್ಟರು 28 ದಿನ ಮಾತ್ರೆ ಕೊಟ್ಟು ವಾಸಿ ಮಾಡಿದರು, ಮುಂದೆ ಉಣ್ಣೆ ಬಾರದಂತೆ ತಿಂಗಳಿಗೊಂದು ಮಾತ್ರೆ ಹಾಕಿ ಎಂದರು. ಇಷ್ಟೊಂದು ಕೆಮಿಕಲ್ ಹೊಟ್ಟೆಗೆ ಹೋದರೆ ಲಿವರ್, ಕಿಡ್ನಿ ಹಾಳಾಗುತ್ತದೆ ಎಂದು ನೆಂಟರು ಹೇಳಿದ್ದರಿಂದ ನಾಲ್ಕು ತಿಂಗಳಿಂದ ನಿಲ್ಲಿಸಿದ್ದೇವೆ. ಈಗ ಬೇವಿನೆಣ್ಣೆಗೆ ಕರ್ಪೂರ ಹಾಕಿ ವಾರಕ್ಕೆರಡು ಸಲ ಮೈಗೆ ಹಚ್ಚುತ್ತೇವೆ. ಊಟಕ್ಕೆ ದಿನಾ ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಚಮಚ ಅರಿಶಿನ ಸೇರಿಸುತ್ತೇವೆ. ಜಂತುಹುಳಕ್ಕೆ ಅಡಿಕೆ ಅರೆದು ಕೊಟ್ಟರೆ ಸಾಕು ಎಂದು ಅಮ್ಮ ಹೇಳುತ್ತಾರೆ, ಇನ್ನೂ ಕೊಟ್ಟಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಎರಡು ರಾಗಿಮುದ್ದೆ ಮನೆಯ ಸಾರಿನಲ್ಲಿ ಕಲಸಿ ಹಾಕುತ್ತೇವೆ. ಅರ್ಧ ಲೀಟರ್ ಹಾಲು, ಏಳೆಂಟು ಗ್ಲೂಕೋಸ್ ಬಿಸ್ಕತ್ತು, ಭಾನುವಾರ ಕೋಳಿ. ಈಚೆಗೆ ಮಲಗಿ ಏಳುವಾಗ ಹಿಂಗಾಲು ಹಿಡಿದುಕೊಂಡಂತೆ ಮಾಡುತ್ತಾನೆ. ನೈಸರ್ಗಿಕವಾಗಿಯೇ ಅವನನ್ನು ಬಹಳ ವರ್ಷ ಚೆನ್ನಾಗಿ ಇಟ್ಟುಕೊಳ್ಳುವುದು ಹೇಗೆ? ವರ್ಷಾವರ್ಷ ಲಸಿಕೆ ಬೇಕೇ ಬೇಕಾ?

ಉತ್ತರ: ಏನು ಕೊಡುತ್ತೀರಿ, ಎಷ್ಟು ಕೊಡುತ್ತೀರಿ ಎಂದು ಅಳತೆ ಸಮೇತ ಬರೆದದ್ದು ಬಹಳ ಒಳ್ಳೆಯದಾಯಿತು. ತಿಂಗಳು ತಿಂಗಳು ಮಾತ್ರೆ ನುಂಗಿಸಿದರೆ ಒಳಗೆ ಏನಾದರೂ ಕೆಡುತ್ತದೋ ಏನೋ ಎಂಬ ನಿಮ್ಮ ಅಳುಕು ನ್ಯಾಯವಾದದ್ದೇ. ನಾಯಿಯ ಆಯಸ್ಸನ್ನು ನಿಜವಾಗಿ ಹೆಚ್ಚಿಸುವ ನೈಸರ್ಗಿಕ ದಾರಿಗಳೂ ಇವೆ: ತೂಕ ಹಿಡಿತದಲ್ಲಿಡುವುದು, ಲೆಕ್ಕವಿಟ್ಟ ಊಟ, ದಿನಾ ಮೈ ತಡವಿ ನೋಡುವುದು, ಮಲಗುವ ಜಾಗ ಒಣಗಿರುವಂತೆ ನೋಡಿಕೊಳ್ಳುವುದು. ಇವುಗಳಿಂದ ಸಿಗುವ ಲಾಭದ ಮುಂದೆ ಬೇವು, ಬೆಳ್ಳುಳ್ಳಿ, ಅರಿಶಿನದಿಂದ ಸಿಗುವುದು ತೀರಾ ಕಡಿಮೆ. ಮಲೆನಾಡಿನ ಉಣ್ಣೆಯ ವಿಷಯದಲ್ಲಂತೂ ಅವನ್ನು ನಂಬಿ ಕೂರುವಂತಿಲ್ಲ.

ಮೊದಲು ಇವತ್ತೇ ನಿಲ್ಲಿಸಬೇಕಾದ ಎರಡು ವಸ್ತುಗಳ ಬಗ್ಗೆ ಹೇಳಿಬಿಡುತ್ತೇನೆ. ಒಂದು ಬೆಳ್ಳುಳ್ಳಿ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನನ್ನು ಕೆಡಿಸುತ್ತವೆ. ಕೆಟ್ಟ ಕಣಗಳು ಒಡೆದುಹೋಗುತ್ತವೆ. ನಮ್ಮ ರಕ್ತಕಣಕ್ಕಿಂತ ನಾಯಿಯ ರಕ್ತಕಣ ಈ ಪೆಟ್ಟಿಗೆ ಬೇಗ ಬೀಳುತ್ತದೆ. ನಾಲ್ಕು ಎಸಳೆಂದರೆ ಹೆಚ್ಚುಕಮ್ಮಿ 12 ಗ್ರಾಂ. 38 ಕೆ.ಜಿ.ಯ ನಾಯಿಗೆ ಅಷ್ಟರಿಂದ ನಾಳೆಯೇ ರಕ್ತಹೀನತೆ ಬರುತ್ತದೆ ಎಂದು ಹೆದರಿಸುವುದಿಲ್ಲ. ಆದರೆ ನೀವು ಅದನ್ನು ದಿನಾ ಕೊಡುತ್ತಿದ್ದೀರಿ, ಜೊತೆಗೆ ಮನೆಯ ಸಾರಿನಲ್ಲೂ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ. ಬೇಯಿಸಿದರೆ ಆ ಗುಣ ಹೋಗುವುದಿಲ್ಲ. ಬೆಳ್ಳುಳ್ಳಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ರಕ್ತ ಹೆಪ್ಪುಗಟ್ಟುವ ಕೆಲಸಕ್ಕೂ ಅಡ್ಡ ಬರುತ್ತದೆ. ಒಮ್ಮೆ ಪ್ಲೇಟ್‌ಲೆಟ್ ಇಳಿದು ಮೂಗಿನಿಂದ ರಕ್ತ ಬಂದ ನಾಯಿಗೆ ಇದು ಬೇಡವೇ ಬೇಡ. ಬೆಳ್ಳುಳ್ಳಿ ತಿಂದ ನಾಯಿಗೆ ಉಣ್ಣೆ ಹತ್ತುವುದಿಲ್ಲ ಎಂಬ ಮಾತಿಗೂ ಆಧಾರವಿಲ್ಲ.

ಎರಡನೆಯದು ಕರ್ಪೂರ. ಎಣ್ಣೆಯಲ್ಲಿ ಕರಗಿಸಿದ ಕರ್ಪೂರ ಚರ್ಮದಿಂದಲೂ ಒಳಗಿಳಿಯುತ್ತದೆ, ನಾಯಿ ಮೈ ನೆಕ್ಕಿದಾಗ ಹೊಟ್ಟೆಗೂ ಹೋಗುತ್ತದೆ. ಪ್ರಮಾಣ ಹೆಚ್ಚಾದರೆ ವಾಂತಿ, ನಡುಕ, ಕೊನೆಗೆ ಫಿಟ್ಸ್. ಮನೆಯಲ್ಲಿ ಬೆಕ್ಕಿದ್ದರೆ ಅಪಾಯ ಇನ್ನೂ ಜಾಸ್ತಿ.

ಬೇವಿನೆಣ್ಣೆಯನ್ನು ಬಿಡಲೇಬೇಕೆಂದಿಲ್ಲ, ಹಚ್ಚುವ ಕ್ರಮ ಬದಲಿಸಿ. ಹಸಿ ಎಣ್ಣೆಯನ್ನು ನೇರವಾಗಿ ಬಳಿದರೆ ಚರ್ಮ ಕೆಂಪಾಗುತ್ತದೆ, ನೆಕ್ಕಿ ಜೊಲ್ಲು ಸುರಿಸಿ ವಾಂತಿ ಮಾಡಿಕೊಳ್ಳುತ್ತದೆ. ಒಂದು ಲೀಟರ್ ಉಗುರುಬೆಚ್ಚನೆ ನೀರಿಗೆ 10 ಮಿ.ಲೀ. ಬೇವಿನೆಣ್ಣೆ, ನಾಲ್ಕೈದು ಹನಿ ನಾಯಿಯ ಶಾಂಪೂ ಹಾಕಿ ಚೆನ್ನಾಗಿ ಕಲಕಿದರೆ ಎಣ್ಣೆ ನೀರಿನಲ್ಲಿ ಒಡೆದು ಬೆಳ್ಳಗಾಗುತ್ತದೆ. ತೋಟ ಸುತ್ತಲು ಹೊರಡುವ ಮುಂಚೆ ಕಾಲು, ಹೊಟ್ಟೆಯ ಕೆಳಭಾಗಕ್ಕೆ ಅದನ್ನು ಸವರಿ. ಮೊದಲ ಸಲ ಅಂಗೈಯಗಲ ಜಾಗಕ್ಕೆ ಮಾತ್ರ ಹಚ್ಚಿ ಒಂದು ದಿನ ಕಾಯಿರಿ. ವಾಸನೆ ಇರುವ ಕೆಲವು ಗಂಟೆ ಉಣ್ಣೆ ಹತ್ತುವುದು ಸ್ವಲ್ಪ ಕಡಿಮೆಯಾಗಬಹುದು. ಆಗಲೇ ಕಚ್ಚಿ ಕೂತ ಉಣ್ಣೆ ಇದರಿಂದ ಸಾಯುವುದಿಲ್ಲ, ಮಳೆಯಲ್ಲಿ ನೆನೆದರೆ ಎಲ್ಲ ತೊಳೆದುಹೋಗುತ್ತದೆ.

ಇನ್ನು ಉಣ್ಣೆ ಮಾತ್ರೆ. ಆ ಮಾತ್ರೆ ಏನು ತಡೆಯುತ್ತದೆ ಎಂದು ತಿಳಿದರೆ ನಿರ್ಧಾರ ನಿಮಗೇ ಸುಲಭವಾಗುತ್ತದೆ. ನಮ್ಮ ಕಡೆ ನಾಯಿಗೆ ಉಣ್ಣೆಯಿಂದ ಬರುವ ಕಾಯಿಲೆಗಳಲ್ಲಿ ಮುಖ್ಯವಾದವು ಎರಡು. ಎರ್ಲಿಕಿಯಾ ಬಿಳಿ ರಕ್ತಕಣದೊಳಗೆ ಸೇರಿಕೊಳ್ಳುವ ಬ್ಯಾಕ್ಟೀರಿಯಾ. ಇದರಲ್ಲಿ ಪ್ಲೇಟ್‌ಲೆಟ್ ಕುಸಿದು ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ ಕಾಣುತ್ತವೆ. ಬೆಬೀಸಿಯಾ ಕೆಂಪು ರಕ್ತಕಣವನ್ನೇ ಒಡೆಯುವ ಪರಾವಲಂಬಿ. ಇದರಲ್ಲಿ ಒಸಡು ಬಿಳಚಿಕೊಳ್ಳುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಕರಿಯನಿಗೆ ಕೊಟ್ಟ 28 ದಿನದ ಕೋರ್ಸ್ ನೋಡಿದರೆ ಅವನಿಗೆ ಬಂದದ್ದು ಎರ್ಲಿಕಿಯಾ, ಕೊಟ್ಟದ್ದು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಎಂದು ಕಾಣುತ್ತದೆ. ಎರ್ಲಿಕಿಯಾದ ಕೆಟ್ಟ ಗುಣವೆಂದರೆ ಕೆಲವು ನಾಯಿಗಳಲ್ಲಿ ಅದು ತಿಂಗಳುಗಟ್ಟಲೆ ಸದ್ದಿಲ್ಲದೆ ಉಳಿದು, ಮುಂದೆ ಮೂಳೆಯ ಮಜ್ಜೆಯನ್ನು ಕುಗ್ಗಿಸುತ್ತದೆ, ಕಿಡ್ನಿಯ ಸೋಸುವ ಪದರವನ್ನು ಹಾಳುಮಾಡಿ ಮೂತ್ರದಲ್ಲಿ ಪ್ರೋಟೀನ್ ಹೋಗುವಂತೆ ಮಾಡುತ್ತದೆ. ಮಾತ್ರೆಯಿಂದ ಕಿಡ್ನಿ ಹೋಗುತ್ತದೆ ಎಂದು ನೀವು ಹೆದರುತ್ತಿದ್ದೀರಿ. ಆ ಹಾನಿಯನ್ನು ನಿಜವಾಗಿ ಮಾಡಬಲ್ಲದ್ದು ಉಣ್ಣೆ ತರುವ ಕಾಯಿಲೆ.

ಮಾತ್ರೆಯೂ ಸಂಪೂರ್ಣ ನಿರಪಾಯ ಎಂದು ಹೇಳುವುದಿಲ್ಲ. ಈಗ ಬಳಕೆಯಲ್ಲಿರುವ ಅಫಾಕ್ಸೊಲೇನರ್, ಸಾರೊಲೇನರ್ ತಿಂಗಳ ಲೆಕ್ಕದವು. ಫ್ಲುರಲೇನರ್ ಸುಮಾರು 12 ವಾರ ನಿಲ್ಲುತ್ತದೆ. ಇವು ನಾಯಿಯ ರಕ್ತದಲ್ಲಿ ಸುತ್ತುತ್ತಿರುತ್ತವೆ, ಕಚ್ಚಿದ ಉಣ್ಣೆಯ ನರವ್ಯೂಹವನ್ನು ಕೆಡಿಸಿ ಸಾಮಾನ್ಯವಾಗಿ ಒಂದು ದಿನದೊಳಗೆ ಕೊಲ್ಲುತ್ತವೆ. ಕೀಟದ ನರಕ್ಕೆ ಇವು ಅಂಟಿಕೊಳ್ಳುವಷ್ಟು ಬಲವಾಗಿ ನಾಯಿಯ ನರಕ್ಕೆ ಅಂಟುವುದಿಲ್ಲ, ಸುರಕ್ಷತೆ ಬರುವುದು ಅಲ್ಲಿಂದ. ಕೆಲವು ನಾಯಿಗಳಿಗೆ ಕೊಟ್ಟ ದಿನ ವಾಂತಿ, ಊಟ ಬೇಡವಾಗುವುದು ಉಂಟು. ಅಪರೂಪಕ್ಕೆ ನಡುಕ, ಫಿಟ್ಸ್ ಬರುತ್ತದೆ; ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಈ ಬಗ್ಗೆಯೇ ಎಚ್ಚರಿಕೆ ಕೊಟ್ಟಿದೆ. ಹಿಂದೆ ಒಮ್ಮೆಯಾದರೂ ಫಿಟ್ಸ್ ಬಂದ ನಾಯಿಗೆ ಈ ಗುಂಪಿನ ಮಾತ್ರೆ ಬೇಡ. ಕರಿಯನಿಗೆ ಅಂಥದ್ದೇನೂ ಆಗಿರದಿದ್ದರೆ ಮಾತ್ರೆ ಮತ್ತೆ ಶುರುಮಾಡುವುದೇ ಸರಿ. ತೂಕಕ್ಕೆ ಸರಿಯಾದ ಅಳತೆಯದ್ದನ್ನು ಊಟದ ಜೊತೆ ಹಾಕಿ, ವರ್ಷಕ್ಕೊಮ್ಮೆ ರಕ್ತದಲ್ಲಿ ಲಿವರ್, ಕಿಡ್ನಿ ಮಟ್ಟ ನೋಡಿಸಿ. ಆಗ ನಿಮ್ಮ ಅಳುಕಿಗೆ ಊಹೆಯ ಬದಲು ಅಂಕಿಯಲ್ಲೇ ಉತ್ತರ ಸಿಗುತ್ತದೆ.

ಹೊಟ್ಟೆಗೆ ಮಾತ್ರೆ ಬೇಡವೇ ಬೇಡ ಎಂದರೆ ಎರಡು ದಾರಿ ಉಳಿಯುತ್ತವೆ. ಬೆನ್ನಿನ ಮೇಲೆ ಹನಿಸುವ ಫಿಪ್ರೊನಿಲ್ ತಿಂಗಳಿಗೊಮ್ಮೆ ಹಾಕಬೇಕು. ಹಾಕುವ ಎರಡು ದಿನ ಮುಂಚೆ, ಹಾಕಿದ ಎರಡು ದಿನ ಸ್ನಾನ ಕೂಡದು. ಕೆರೆ ಕಂಡರೆ ಹಾರುವ ಲ್ಯಾಬ್ರಡಾರ್‌ಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈ ಆರದ ಮೂಡಿಗೆರೆಯಲ್ಲಿ, ಅದರ ಕಸುವು ಬೇಗ ಇಳಿಯುತ್ತದೆ. ಫ್ಲುಮೆಥ್ರಿನ್ ಇರುವ ಕೊರಳಪಟ್ಟಿ ಇದಕ್ಕಿಂತ ಹೆಚ್ಚು ದಿನ ಬರುತ್ತದೆ. ಪಟ್ಟಿ ಮತ್ತು ಕೊರಳಿನ ನಡುವೆ ಎರಡು ಬೆರಳು ಹೋಗುವಷ್ಟು ಜಾಗವಿರಲಿ, ಉಳಿದ ತುದಿಯನ್ನು ಕತ್ತರಿಸಿ ತೆಗೆಯಿರಿ, ಅದರಡಿ ಚರ್ಮ ಹುಣ್ಣಾಗಿದೆಯೇ ಎಂದು ವಾರಕ್ಕೊಮ್ಮೆ ನೋಡಿ.

ಹಸುವಿಗೆ ತಂದ ಉಣ್ಣೆ ಔಷಧವನ್ನು ಕಣ್ಣಂದಾಜಿನಲ್ಲಿ ನಾಯಿಗೆ ಬಳಿಯುವುದು, ಐವರ್‌ಮೆಕ್ಟಿನ್ ಇಂಜೆಕ್ಷನ್ ಕೊಡಿಸುವುದು ನಮ್ಮ ತೋಟಗಳಲ್ಲಿ ರೂಢಿಯಾಗಿಬಿಟ್ಟಿದೆ. ಐವರ್‌ಮೆಕ್ಟಿನ್ ಉಣ್ಣೆಗೆ ನಂಬಿಕಸ್ತ ಔಷಧವಲ್ಲ, ಕಾಲಿ ಜಾತಿಯ ನಾಯಿಗಳಲ್ಲಿ ಅದು ಮೆದುಳಿಗೆ ಏರಿ ಜೀವಕ್ಕೇ ಎರವಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕಾಂಡಕೊರಕಕ್ಕೆಂದು ತಂದಿಟ್ಟ ಕ್ಲೋರ್‌ಪೈರಿಫಾಸ್‌ನಂಥ ಔಷಧವನ್ನು ನೀರಿಗೆ ಬೆರೆಸಿ ನಾಯಿಗೆ ಸ್ನಾನ ಮಾಡಿಸುವುದು. ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ಜೊಲ್ಲು, ಭೇದಿ, ಸಣ್ಣಗಾದ ಕಣ್ಣಪಾಪೆ, ಮೈ ನಡುಕ ಶುರುವಾಗುತ್ತದೆ. ಹಾಗಾದರೆ ಕೈಗವಸು ಹಾಕಿ ಸೋಪು ನೀರಿನಲ್ಲಿ ಪೂರಾ ತೊಳೆದು, ಔಷಧದ ಬಾಟಲಿಯನ್ನೂ ಹಿಡಿದು ಡಾಕ್ಟರ ಹತ್ತಿರ ಓಡಬೇಕು. ಅಟ್ರೋಪಿನ್ ಇಂಜೆಕ್ಷನ್ ಬೇಗ ಸಿಕ್ಕಷ್ಟೂ ಒಳ್ಳೆಯದು.

ಯಾವ ಔಷಧ ಹಾಕಿದರೂ ದಿನಾ ಸಂಜೆ ಮೈ ನೋಡುವುದನ್ನು ಬಿಡಬೇಡಿ. ಎರ್ಲಿಕಿಯಾ ಉಣ್ಣೆ ಕಚ್ಚಿದ ಕೆಲವೇ ಗಂಟೆಯಲ್ಲಿ ದಾಟಬಲ್ಲದು, ಬೆಬೀಸಿಯಾಕ್ಕೆ ಸಾಮಾನ್ಯವಾಗಿ ಒಂದೂವರೆ ಎರಡು ದಿನ ಬೇಕು. ಅಂದರೆ ಸಂಜೆಯೇ ಕಿತ್ತ ಪ್ರತಿ ಉಣ್ಣೆಯೂ ಲೆಕ್ಕಕ್ಕೆ ಬರುತ್ತದೆ. ಕಿವಿಯ ಒಳಮಡಿಕೆ, ಕೊರಳಪಟ್ಟಿಯ ಅಡಿ, ಕಂಕುಳು, ತೊಡೆಸಂದು, ಬಾಲದ ಬುಡ, ರೆಪ್ಪೆಯ ಅಂಚು ನೋಡಿ. ಮುಖ್ಯವಾಗಿ ಕಾಲ್ಬೆರಳ ನಡುವೆ ನೋಡಿ. ಅಲ್ಲಿ ಎಳ್ಳಿನ ಕಾಳಿನಷ್ಟು ಚಿಕ್ಕ ಮರಿ ಉಣ್ಣೆಗಳು ಸಾಲಾಗಿ ಕೂತಿರುತ್ತವೆ, ಕಪ್ಪು ನಾಯಿಯಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಬೆರಳ ತುದಿಗೆ ಗಂಟಿನಂತೆ ಸಿಗುತ್ತವೆ. ಮೊನೆ ಚಿಮಟದಿಂದ ಚರ್ಮಕ್ಕೆ ಅಂಟಿದ ಜಾಗದಲ್ಲೇ ಹಿಡಿದು, ತಿರುಚದೆ, ನಿಧಾನವಾಗಿ ನೇರ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಊದುಬತ್ತಿಯಿಂದ ಸುಡುವುದು ಬೇಡ. ಸಂಕಟಕ್ಕೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕಬಹುದು. ಕಿತ್ತದ್ದನ್ನು ಉಗುರಿನಲ್ಲಿ ಹಿಸುಕಬೇಡಿ, ಸ್ಪಿರಿಟ್ ಅಥವಾ ಸೋಪು ನೀರಿರುವ ಡಬ್ಬಿಗೆ ಹಾಕಿ. ಕೈಗವಸು ಹಾಕಿಕೊಳ್ಳುವುದು ನಿಮ್ಮ ಸಲುವಾಗಿ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ, ನಿಮ್ಮ ಜಿಲ್ಲೆಯ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯೂ ಅದು ಕಾಣಿಸಿಕೊಂಡಿದೆ. ಡಿಸೆಂಬರ್‌ನಿಂದ ಮೇವರೆಗೆ ಕಾಡಂಚಿಗೆ ಹೋಗಿಬಂದ ನಾಯಿಯನ್ನು ನೋಡಿ ಮುಗಿಸುವ ತನಕ ಮನೆಯೊಳಗೆ ಬಿಡಬೇಡಿ.

ಮನೆ, ಗೂಡಿನ ಕಡೆಗೂ ಗಮನ ಬೇಕು. ನಾಯಿಯ ಕಂದು ಉಣ್ಣೆ ರಕ್ತ ಕುಡಿದು ಉದುರಿ, ಗೋಡೆಯ ಬಿರುಕು, ಮರದ ಸಂದು ಹತ್ತಿ, ಅಲ್ಲಿ ಒಂದೊಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಯಾವ ಹೊತ್ತಿನಲ್ಲೂ ನಾಯಿಯ ಮೈಮೇಲಿರುವ ಉಣ್ಣೆಗಿಂತ ಸುತ್ತಮುತ್ತ ಅಡಗಿರುವ ಉಣ್ಣೆಯೇ ಬಹುಪಾಲು. ಹಾಸಿಗೆಗೆ ಗೋಣಿಚೀಲ ಹಾಕಿದ್ದರೆ ತೆಗೆದುಬಿಡಿ, ಅದರ ನೇಯ್ಗೆಯ ಸಂದಿನಷ್ಟು ಅನುಕೂಲದ ಜಾಗ ಉಣ್ಣೆಗೆ ಇನ್ನೊಂದಿಲ್ಲ. ಹಳೆಯ ಹತ್ತಿ ಬೆಡ್‌ಶೀಟ್ ಎರಡು ಮೂರು ಇಟ್ಟುಕೊಂಡು ವಾರಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಿ ಒಗೆಯಿರಿ. ಗೂಡಿನ ಬಿರುಕುಗಳಿಗೆ ಸಿಮೆಂಟ್ ತುಂಬಿ ಸುಣ್ಣ ಬಳಿಸಿ, ನೆಲ ಅರ್ಧ ಅಡಿ ಎತ್ತರದಲ್ಲಿರಲಿ. ಸಿಂಪಡಣೆ ಮಾಡಿಸುವುದಾದರೆ ಒಂದೇ ಸಲಕ್ಕೆ ಬಿಡಬೇಡಿ. ಮೊಟ್ಟೆಗೆ ಔಷಧ ತಾಗುವುದಿಲ್ಲ, ಎರಡು ಮೂರು ವಾರ ಬಿಟ್ಟು ಹೊರಬಂದ ಮರಿಗಳಿಗೆ ಮತ್ತೊಮ್ಮೆ ಬೇಕು. ಒಣಗುವ ತನಕ ಬೆಕ್ಕು, ನಾಯಿ, ಮಕ್ಕಳು ದೂರವಿರಲಿ.

ಮೂಗಿನ ರಕ್ತದ ಬಗ್ಗೆ ಒಂದು ಮಾತು. ಹಳ್ಳದ ನೀರು ಕುಡಿಯುವ ಮಲೆನಾಡಿನ ನಾಯಿಗಳ ಮೂಗಿನೊಳಗೆ ಜಿಗಣೆ ಸೇರಿಕೊಳ್ಳುವುದುಂಟು. ಆಗ ಒಂದೇ ಹೊಳ್ಳೆಯಿಂದ ತೆಳ್ಳಗೆ ರಕ್ತ ಬರುತ್ತದೆ, ಪದೇ ಪದೇ ಸೀನುತ್ತದೆ, ಊಟ ಆಟ ಮಾಮೂಲಿನಂತೆಯೇ ಇರುತ್ತದೆ. ಜ್ವರ, ಸುಸ್ತು, ಹೊಟ್ಟೆಯ ಮೇಲೆ ಚುಕ್ಕೆ ಇದ್ದರೆ ಅದು ಬೇರೆ. ಎರಡರಲ್ಲಿ ಯಾವುದೇ ಆದರೂ ಪ್ಲೇಟ್‌ಲೆಟ್ ಪರೀಕ್ಷೆಯಿಲ್ಲದೆ ಮನೆಯಲ್ಲೇ ನಿರ್ಧರಿಸಬೇಡಿ. ಪಪ್ಪಾಯಿ ಎಲೆ ರಸ ಕುಡಿಸಿ ಕಾಯುವುದೂ ಬೇಡ, ರಕ್ತದಲ್ಲಿರುವ ಎರ್ಲಿಕಿಯಾವನ್ನು ಅದು ಕೊಲ್ಲುವುದಿಲ್ಲ. ಚಿಕಿತ್ಸೆ ಎರಡು ದಿನ ತಡವಾಗುತ್ತದೆ ಅಷ್ಟೆ.

ಈಗ ಅಡಿಕೆ. ಅಮ್ಮನ ಮಾತು ಸುಳ್ಳಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಲಾಡಿಹುಳವನ್ನು ನಿಶ್ಚೇಷ್ಟಗೊಳಿಸಿ ಭೇದಿಯ ಜೊತೆ ಹೊರಹಾಕುತ್ತದೆ. ಹಿಂದೆ ಪಶುವೈದ್ಯರೇ ನಾಯಿಯ ಲಾಡಿಹುಳಕ್ಕೆ ಅದನ್ನು ಬಳಸುತ್ತಿದ್ದರು. ಬಿಟ್ಟದ್ದಕ್ಕೆ ಕಾರಣವಿದೆ. ಹುಳಕ್ಕೆ ಬೇಕಾಗುವ ಪ್ರಮಾಣಕ್ಕೂ ನಾಯಿಗೆ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ವಾಂತಿ, ಹೊಟ್ಟೆನುಲಿತ, ನಾಡಿ ಇಳಿದು ಕುಸಿದು ಬೀಳುವುದು ಆಗುತ್ತಿತ್ತು. ಒಂದೊಂದು ಅಡಿಕೆಯಲ್ಲಿ ಅರೆಕೋಲಿನ್ ಎಷ್ಟಿದೆ ಎಂದು ಅಳೆಯುವ ದಾರಿ ಮನೆಯಲ್ಲಿಲ್ಲ. ಜೊತೆಗೆ ಕೊಕ್ಕೆಹುಳ, ದುಂಡುಹುಳಕ್ಕೆ ಅದು ನೆಚ್ಚುವಂಥ ಮದ್ದಲ್ಲ. ನಾಯಿಯ ರಕ್ತ ಹೀರುವುದು ಕೊಕ್ಕೆಹುಳವೇ. ಪ್ರಾಜಿಕ್ವಾಂಟೆಲ್ ಮತ್ತು ಅದರ ಜೊತೆಗಾರ ಔಷಧಗಳಿರುವ ಮಾತ್ರೆ ಮೂರು ತಿಂಗಳಿಗೊಮ್ಮೆ ತೂಕದ ಲೆಕ್ಕದಲ್ಲಿ ಸಾಕು. ಔಷಧ ಕಡಿಮೆ ಕೊಡಬೇಕೆಂಬ ನಿಮ್ಮ ಆಸೆಗೆ ಇಲ್ಲಿ ಅವಕಾಶವಿದೆ: ಮೂರು ತಿಂಗಳಿಗೊಮ್ಮೆ ಹೊಸ ಮಲವನ್ನು ಪರೀಕ್ಷೆಗೆ ಕೊಟ್ಟು, ಮೊಟ್ಟೆ ಕಂಡರೆ ಮಾತ್ರ ಮಾತ್ರೆ ಹಾಕಬಹುದು. ಲಾಡಿಹುಳದ ತುಂಡುಗಳು ಪರೀಕ್ಷೆಯಲ್ಲಿ ಎಷ್ಟೋ ಸಲ ತಪ್ಪಿಹೋಗುತ್ತವೆ, ಆದ್ದರಿಂದ ಬಾಲದಡಿಯ ಕೂದಲಲ್ಲಿ ಅಕ್ಕಿಕಾಳಿನಂಥದ್ದು ಕಂಡರೆ ವರದಿ ಏನೇ ಇರಲಿ ಔಷಧ ಕೊಡಿ, ಚಿಗಟವನ್ನೂ ನಿವಾರಿಸಿ. ಈ ಜಾತಿಯ ಲಾಡಿಹುಳ ಬರುವುದು ಚಿಗಟ ನುಂಗಿ. ಕುರಿ, ಹಂದಿಯ ಹಸಿ ಕರುಳು, ಶ್ವಾಸಕೋಶ ಹಾಕಲೇಬೇಡಿ. ಅದರಿಂದ ನಾಯಿಗೆ ಬರುವ ಒಂದು ಜಾತಿಯ ಲಾಡಿಹುಳ ಮನುಷ್ಯರ ಲಿವರ್‌ನಲ್ಲಿ ನೀರುಗಡ್ಡೆ ಮಾಡುತ್ತದೆ.

ಕರಿಯನ ಆಯಸ್ಸಿನ ಮಟ್ಟಿಗೆ ಅತಿ ದೊಡ್ಡ ವಿಷಯಕ್ಕೆ ಈಗ ಬರುತ್ತೇನೆ, ಅದು ಅವನ ತೂಕ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಊಟ ಕೊಟ್ಟು ಜೀವನಪೂರ್ತಿ ಗಮನಿಸಿದರು. 2002ರಲ್ಲಿ ಹೊರಬಂದ ಫಲಿತಾಂಶ: ಹೆಚ್ಚು ತಿಂದವುಗಳ ಮಧ್ಯಮ ಆಯಸ್ಸು 11.2 ವರ್ಷ, ಕಡಿಮೆ ತಿಂದವುಗಳದ್ದು 13 ವರ್ಷ. ಕೀಲುಸವೆತವೂ ಕಡಿಮೆ ತಿಂದವಕ್ಕೆ ತಡವಾಗಿ ಬಂತು. ನಾಯಿಯ ಆಯಸ್ಸನ್ನು ಇಷ್ಟು ಹೆಚ್ಚಿಸುತ್ತದೆ ಎಂದು ಹೀಗೆ ಜೀವಮಾನವಿಡೀ ಅಳೆದು ತೋರಿಸಿದ ಸೊಪ್ಪಾಗಲಿ ಬೇರಾಗಲಿ ಇಲ್ಲ.

38 ಕೆ.ಜಿ. ಸಾಮಾನ್ಯ ಅಳತೆಯ ಲ್ಯಾಬ್ರಡಾರ್‌ಗೆ ಜಾಸ್ತಿ. ಎಲುಬು ದೊಡ್ಡದಿರದಿದ್ದರೆ 30ರ ಆಸುಪಾಸು ಸರಿ. ಅಂಗೈ ಚಪ್ಪಟೆ ಮಾಡಿ ಪಕ್ಕೆಯ ಮೇಲೆ ಒತ್ತದೆ ಸವರಿ: ಪಕ್ಕೆಲುಬು ಒಂದೊಂದೂ ಕೈಗೆ ಸಿಗಬೇಕು. ಮೇಲಿನಿಂದ ನೋಡಿದರೆ ಸೊಂಟ ಒಳಗೆ ಸರಿದಿರಬೇಕು. 30 ಕೆ.ಜಿ.ಯ ನಾಯಿಗೆ ತೂಕ ಇಳಿಸಲು ದಿನಕ್ಕೆ ಸುಮಾರು 900 ಕ್ಯಾಲರಿ ಸಾಕು. ನೀವು ಹಾಕುತ್ತಿರುವುದು: 100 ಗ್ರಾಂ ಹಿಟ್ಟಿನ ಮುದ್ದೆಯೆಂದರೆ ಸುಮಾರು 330, ಮೂರಕ್ಕೆ 990, ಅರ್ಧ ಲೀಟರ್ ಹಾಲು 320ರ ಮೇಲೆ, ಎಂಟು ಬಿಸ್ಕತ್ತು 180. ಕೋಳಿ ಬಿಟ್ಟೇ 1,500ರ ಹತ್ತಿರ ಬಂತು. ಅಷ್ಟು ತಿಂದೂ ತಟ್ಟೆ ನೆಕ್ಕುತ್ತಾನೆ, ಹಸಿದಿರಬೇಕು ಎಂದು ಕನಿಕರಪಡಬೇಡಿ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲೊಂದಕ್ಕೆ ಹಸಿವು ತಣಿಯದಂತೆ ಮಾಡುವ ಜೀನ್ ವ್ಯತ್ಯಾಸವಿದೆ ಎಂದು 2016ರಲ್ಲಿ ಗೊತ್ತಾಗಿದೆ.

ರಾಗಿ ಕೆಟ್ಟದ್ದಲ್ಲ. ಆದರೆ ಅದರಲ್ಲಿ ಪ್ರೋಟೀನ್ ಶೇ 7ರಷ್ಟೇ. ಮುದ್ದೆಯೇ ಮುಖ್ಯ ಊಟವಾದ ನಾಯಿ ದಪ್ಪಗಾಗುತ್ತದೆ, ಸ್ನಾಯು ಕರಗುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ ಎನ್ನುತ್ತೀರಿ. ಇದೆ, 100 ಗ್ರಾಂಗೆ 350 ಮಿ.ಗ್ರಾಂನ ಸುಮಾರು, ಅದರಲ್ಲಿನ ಫೈಟೇಟ್, ಆಕ್ಸಲೇಟ್‌ಗಳಿಂದಾಗಿ ಮೈಗೆ ಹತ್ತುವುದು ಒಂದು ಪಾಲು ಮಾತ್ರ. 900 ಕ್ಯಾಲರಿಗೆ ಹೀಗೆ ಮಾಡಬಹುದು: ಚರ್ಮ ತೆಗೆದ, ಮೂಳೆಯಿಲ್ಲದ ಕೋಳಿ 300 ಗ್ರಾಂ, ಬೇಯಿಸಿದ ಮೊಟ್ಟೆ ಎರಡು, ರಾಗಿಹಿಟ್ಟು 80 ಗ್ರಾಂ, ಸಿಹಿಗುಂಬಳ, ಹುರುಳಿಕಾಯಿ ಅಥವಾ ಕ್ಯಾರೆಟ್ 150 ಗ್ರಾಂ, ಕೋಳಿಯ ಲಿವರ್ 20 ಗ್ರಾಂ, ಒಂದು ಟೀ ಚಮಚ ಎಣ್ಣೆ, ಚಿಟಿಕೆ ಅಯೋಡಿನ್ ಉಪ್ಪು. ತೂಕವೆಲ್ಲ ಹಸಿಯದ್ದು. ಒಗ್ಗರಣೆ, ಖಾರ, ಹುಣಸೆ ಬೇಡ. ಮೊಟ್ಟೆಯ ಚಿಪ್ಪನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಗೋಧಿಹಿಟ್ಟಿನಷ್ಟು ನುಣ್ಣಗೆ ಮಾಡಿ ದಿನಕ್ಕೆ ಒಂದು ಮಟ್ಟ ಟೀ ಚಮಚ ಸೇರಿಸಿ, ಅದರಲ್ಲಿ 1.8 ಗ್ರಾಂ ಹತ್ತಿರ ಕ್ಯಾಲ್ಸಿಯಂ ಇರುತ್ತದೆ, ಇವನಿಗೆ ಸಾಕು. ಈ ಚಿಪ್ಪಿನ ಪುಡಿ ವಯಸ್ಕ ನಾಯಿಗೆ ಮಾತ್ರ, ಬೆಳೆಯುವ ದೊಡ್ಡ ಜಾತಿಯ ಮರಿಗೆ ಅಂದಾಜಿನಲ್ಲಿ ಕೊಟ್ಟರೆ ಎಲುಬು ವಕ್ರವಾಗುತ್ತದೆ. ಇಷ್ಟಾದರೂ ಸತು, ತಾಮ್ರ, ವಿಟಮಿನ್ ಡಿ, ಇ ಕೊರತೆ ಉಳಿಯುತ್ತದೆ. ಅದಕ್ಕೆ ನಾಯಿಗೆಂದೇ ಇರುವ ಮಿನರಲ್-ವಿಟಮಿನ್ ಪುಡಿ ಬೇಕು, ಇಲ್ಲವೇ ಒಂದು ಹೊತ್ತು ಒಳ್ಳೆಯ ಸಿದ್ಧ ಆಹಾರ ಹಾಕಿ, ಇನ್ನೊಂದು ಹೊತ್ತಿಗೆ ಮೇಲಿನದ್ದರ ಅರ್ಧ ಮಾಡಿ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ, ಹಾಕಬೇಡಿ. ಹಾಲಿನ ಬದಲು ಎರಡು ಚಮಚ ಮೊಸರು ಸಾಕು. ಬಿಸ್ಕತ್ತಿನ ಜಾಗದಲ್ಲಿ ಸೌತೆಕಾಯಿ ತುಂಡು.

ಒಂದು ವಾರದ ಅವಧಿಯಲ್ಲಿ ಹಳೆಯ ಊಟಕ್ಕೆ ಸ್ವಲ್ಪ ಸ್ವಲ್ಪ ಹೊಸದು ಸೇರಿಸುತ್ತ ಬದಲಿಸಿ, ಇಲ್ಲದಿದ್ದರೆ ಭೇದಿಯಾಗುತ್ತದೆ. ಕಾಫಿ ಮೂಟೆ ತೂಗುವ ತಕ್ಕಡಿ ತೋಟದಲ್ಲೇ ಇರುತ್ತದೆ, ಹದಿನೈದು ದಿನಕ್ಕೊಮ್ಮೆ ಅವನನ್ನೂ ತೂಗಿ ಬರೆದಿಡಿ. ವಾರಕ್ಕೆ 400 ಗ್ರಾಂ ಇಳಿದರೆ ಸರಿಯಾದ ವೇಗ, ಎಂಟು ಕೆ.ಜಿ.ಗೆ ಐದು ತಿಂಗಳಾಗುತ್ತದೆ. ಊಟ ಲೆಕ್ಕದಲ್ಲಿದ್ದೂ ಇಳಿಯದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಹಿಂಗಾಲಿನ ಬಿಗಿತಕ್ಕೂ ಮೊದಲ ಮದ್ದು ಈ ಎಂಟು ಕೆ.ಜಿ.ಯೇ. ಅರಿಶಿನದ ಕರ್ಕ್ಯುಮಿನ್‌ಗೆ ಉರಿಯೂತ ತಗ್ಗಿಸುವ ಗುಣ ಇರುವುದು ನಿಜ, ಆದರೆ ಪುಡಿಯಲ್ಲಿ ಅದು ಶೇ 3ರ ಆಸುಪಾಸು, ಕರುಳಿನಿಂದ ರಕ್ತಕ್ಕೆ ಸೇರುವುದು ಅದರಲ್ಲೂ ಅತ್ಯಲ್ಪ. ಕಾಲು ಚಮಚಕ್ಕಿಳಿಸಿ ಮುಂದುವರಿಸಿದರೆ ತೊಂದರೆಯಿಲ್ಲ. ನೋವಿನ ಮಾತ್ರೆ ನಡೆಯುತ್ತಿದ್ದರೆ, ಆಪರೇಷನ್ ಇದ್ದರೆ, ಪಿತ್ತಕೋಶದ ತೊಂದರೆಯಿದ್ದರೆ ನಿಲ್ಲಿಸಿ. ಇದಕ್ಕಿಂತ ಗಟ್ಟಿ ಆಧಾರವಿರುವುದು ಮೀನೆಣ್ಣೆಯ ಒಮೆಗಾ-3ಕ್ಕೆ. ಘಟ್ಟದ ಕೆಳಗಿಂದ ಬರುವ ಬೂತಾಯಿ ಅಗ್ಗವೂ ಹೌದು, ಒಮೆಗಾ-3 ಹೇರಳವಾಗಿರುವ ಮೀನೂ ಹೌದು. ವಾರಕ್ಕೆ ಮೂರು ದಿನ 100 ಗ್ರಾಂ, ಉಪ್ಪು ಖಾರವಿಲ್ಲದೆ ಬೇಯಿಸಿ, ಮುಳ್ಳು ತೆಗೆದು, ಆ ದಿನ ಕೋಳಿ ಅಷ್ಟೇ ಕಡಿಮೆ ಮಾಡಿ. ಹಸಿ ಮೀನಿನಲ್ಲಿ ವಿಟಮಿನ್ ಬಿ1 ನಾಶಮಾಡುವ ಕಿಣ್ವ ಇರುವುದರಿಂದ ಬೇಯಿಸಲೇಬೇಕು. ಕಾಡ್ ಲಿವರ್ ಎಣ್ಣೆಯನ್ನು ಇದರ ಬದಲು ಕೊಡಬೇಡಿ, ಅದರಲ್ಲಿ ವಿಟಮಿನ್ ಎ, ಡಿ ಅತಿಯಾಗುತ್ತದೆ. ನುಣುಪು ಟೈಲ್ಸ್ ಮೇಲೆ ರಬ್ಬರ್ ಚಾಪೆ ಹಾಸಿ, ಜೀಪಿಗೆ ಹಾರಿಸದೆ ಎತ್ತಿ ಹತ್ತಿಸಿ, ದಿನಾ ಎರಡು ಸಲ ಇಪ್ಪತ್ತು ನಿಮಿಷ ಸಮನೆಲದಲ್ಲಿ ನಡೆಸಿ. ಈಜು ಬಹಳ ಒಳ್ಳೆಯ ವ್ಯಾಯಾಮ. ಮುಗಿದ ಮೇಲೆ ಕಿವಿ, ಕಾಲ್ಬೆರಳ ಸಂದು ಒಣಬಟ್ಟೆಯಲ್ಲಿ ಒರೆಸಿ, ಜೋತುಬಿದ್ದ ಕಿವಿಯೊಳಗೆ ತೇವ ನಿಂತರೆ ಶಿಲೀಂಧ್ರ ಬೆಳೆಯುತ್ತದೆ. ಮನುಷ್ಯರ ಡೈಕ್ಲೋಫೆನಾಕ್, ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಒಂದನ್ನೂ ನೀವಾಗಿಯೇ ಕೊಡಬೇಡಿ.

ತೋಟದಲ್ಲೇ ಇರುವ ಕೆಲವು ಅಪಾಯಗಳು ಎಲ್ಲ ಔಷಧಕ್ಕಿಂತ ಬೇಗ ಜೀವ ತೆಗೆಯುತ್ತವೆ. ಕಣದಲ್ಲಿ ಒಣಹಾಕಿದ ರೊಬಸ್ಟಾ ಬೀಜದಲ್ಲಿ ಶೇ 2ರಷ್ಟು ಕೆಫೀನ್ ಇರುತ್ತದೆ. ಲ್ಯಾಬ್ರಡಾರ್ ಒಂದು ಹಿಡಿ ಅಗಿದು ನುಂಗಿದರೆ ಎದೆಬಡಿತ ಏರಿ ಚಡಪಡಿಸಲು ಸಾಕು. ಬಸವನಹುಳಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಗಳನ್ನು ನಾಯಿಗಳು ತಿಂಡಿಯೆಂದು ತಿನ್ನುತ್ತವೆ, ಒಂದೆರಡು ಗಂಟೆಯಲ್ಲೇ ಎಡೆಬಿಡದ ನಡುಕ ಬರುತ್ತದೆ. ಇಲಿಪಾಷಾಣದ ಬ್ರೊಮಾಡಿಯೊಲೋನ್ ಮೂರ್ನಾಲ್ಕು ದಿನ ಏನೂ ತೋರಿಸದೆ, ಆಮೇಲೆ ಒಳಗೆ ರಕ್ತಸ್ರಾವ ಮಾಡುತ್ತದೆ. ತಿಂದದ್ದು ಗೊತ್ತಾದ ತಕ್ಷಣ ಹೋದರೆ ವಿಟಮಿನ್ ಕೆ1ರಿಂದ ಉಳಿಸಬಹುದು.

ಲಸಿಕೆಯ ಪ್ರಶ್ನೆಗೆ ಉತ್ತರ ಲಸಿಕೆಯಿಂದ ಲಸಿಕೆಗೆ ಬೇರೆ. ಡಿಸ್ಟೆಂಪರ್, ಪಾರ್ವೊ ಲಸಿಕೆಗಳನ್ನು ಮರಿಯಾಗಿದ್ದಾಗ ಪೂರ್ತಿ ಹಾಕಿಸಿ ಮುಂದಿನ ವರ್ಷ ಬೂಸ್ಟರ್ ಆಗಿದ್ದರೆ, ಆಮೇಲೆ ಮೂರು ವರ್ಷಕ್ಕೊಮ್ಮೆ ಸಾಕೆಂದು ಸಾಕುಪ್ರಾಣಿ ವೈದ್ಯರ ಜಾಗತಿಕ ಸಂಘ ಡಬ್ಲ್ಯುಎಸ್‌ಎವಿಎ ಹೇಳುತ್ತದೆ. ಇದನ್ನು ನಿಮ್ಮ ಡಾಕ್ಟರ ಜೊತೆ ಮಾತಾಡಿ. ಇಲಿಜ್ವರದ ಲಸಿಕೆಯ ರಕ್ಷಣೆ ಒಂದು ವರ್ಷದ ಮೇಲೆ ನೆಚ್ಚುವಂತಿಲ್ಲ; ಗದ್ದೆ, ಹಳ್ಳ, ನಿಂತ ನೀರಿನಲ್ಲಿ ಓಡಾಡುವ ಕರಿಯನಿಗೆ ಪ್ರತಿವರ್ಷ ಮಳೆ ಹಿಡಿಯುವ ಮುಂಚೆ ಮೇ ತಿಂಗಳಲ್ಲಿ ಹಾಕಿಸಿ. ಹುಚ್ಚುನಾಯಿ ರೋಗದ ಲಸಿಕೆ ವರ್ಷಕ್ಕೊಮ್ಮೆ, ಒಂದು ದಿನವೂ ತಪ್ಪದೆ. ಅದಕ್ಕೆ ಬದಲಿ ಗುಳಿಗೆ, ಕಷಾಯ ಯಾವುದೂ ಇಲ್ಲ, ಇದು ನಿಮ್ಮ ಮನೆಯವರ ಮತ್ತು ತೋಟದ ಆಳುಗಳ ಜೀವದ ಪ್ರಶ್ನೆ ಕೂಡ.

ನಾಲ್ಕು ತಿಂಗಳು ಉಣ್ಣೆಗೆ ರಕ್ಷಣೆ ಇಲ್ಲದೆ ಕಳೆದಿರುವುದರಿಂದ ಮಾತ್ರೆ ಮತ್ತೆ ಹಾಕುವ ಮುಂಚೆ, ಈ ವಾರವೇ, ಒಂದು ರಕ್ತ ಪರೀಕ್ಷೆ ಆಗಲಿ: ಪೂರ್ಣ ರಕ್ತಕಣ ಎಣಿಕೆ ಪ್ಲೇಟ್‌ಲೆಟ್ ಸಮೇತ, ಎರ್ಲಿಕಿಯಾ ಮತ್ತು ಬೆಬೀಸಿಯಾಕ್ಕೆ ರಕ್ತಲೇಪ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು), ಲಿವರ್‌ಗೆ ಎಎಲ್‌ಟಿ, ಕಿಡ್ನಿಗೆ ಕ್ರಿಯಾಟಿನಿನ್, ಜೊತೆಗೆ ಮೂತ್ರದಲ್ಲಿ ಪ್ರೋಟೀನ್. ಎರ್ಲಿಕಿಯಾದ ಆ್ಯಂಟಿಬಾಡಿ ಕಾರ್ಡ್ ಪರೀಕ್ಷೆ ವಾಸಿಯಾದ ಮೇಲೂ ಬಹಳ ಕಾಲ ಪಾಸಿಟಿವ್ ತೋರಿಸುತ್ತದೆ, ಅದೊಂದನ್ನೇ ನೋಡಿ ಮತ್ತೆ 28 ದಿನದ ಕೋರ್ಸ್ ಶುರುಮಾಡುವ ಅಗತ್ಯವಿಲ್ಲ. ಅನುಮಾನ ಉಳಿದರೆ ರೋಗಾಣುವಿನ ಡಿಎನ್‌ಎಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಕೇಳಿ. ಊರಲ್ಲಿ ಸೌಲಭ್ಯ ಇರದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ, ಹೋಗುವಾಗ ಹಳೆಯ ಚೀಟಿಗಳನ್ನೆಲ್ಲ ಜೊತೆಗಿಟ್ಟುಕೊಳ್ಳಿ. ವರದಿ ಬರುವ ಮುಂಚೆಯೇ ಒಸಡು ಬಿಳಚಿದರೆ, ಮೂತ್ರ ಕಂದಾದರೆ, ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟಾಗ ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಒಂದು ಹೊತ್ತು ಊಟ ಬಿಟ್ಟರೂ ಸರಿ, ಅವತ್ತೇ ತೋರಿಸಿ. ಊಟ ಬಿಡುವ ಲ್ಯಾಬ್ರಡಾರ್‌ಗೆ ಏನೋ ಆಗಿದೆ ಎಂದೇ ಅರ್ಥ.